ಕಡ್ಡಿ ಗಾಳಿ

ಮಾರ್ಚ್ 4

ನನ್ನ ದೊಡ್ಡ ಮಗಳಿಗೆ,

ಅಪ್ಪನ ಆಶೀರ್ವಾದ. ಇಲ್ಲಿ ಮೂವರೂ ಕ್ಷೇಮ, ಒಬ್ಬಳ ಎದೆ ಮಾತ್ರ ಆಗಾಗ ಪೀಪಿ ಊದುತ್ತದೆ. ಅದೇನು ಹೊಸ ಸುದ್ದಿಯಲ್ಲ. ಹುಟ್ಟಿದಾಗಿನಿಂದ ಹತ್ತು ವರ್ಷ ಊದಿದ್ದಾಳೆ. ಅದಕ್ಕೇ ಅಲ್ಲವೇ ನಿನ್ನ ತಂಗಿಗೆ ಇಟ್ಟ ಹೆಸರನ್ನು ಎಲ್ಲರೂ ಮರೆತು ಪೀಪಿ ಎಂದೇ ಕರೆಯುವುದು.

ನಿನ್ನ ಕಾಗದ ಬಂತು. ಕನ್ನಡಕದ ಅಂಗಡಿಯ ಕೆಲಸ ಕಾಯಂ ಆಯಿತು ಎಂಬುದನ್ನು ನಿಮ್ಮ ಅತ್ತೆಗೆ ಎರಡು ಸಲ ಓದಿ ಹೇಳಿದೆ. "ಹಾಗಾದ್ರೆ ನನ್ನ ಕನ್ನಡಕ ಪುಕ್ಕಟೆ" ಎಂದಳು. ನಮ್ಮಕ್ಕನ ಬುದ್ಧಿ ಎಲ್ಲಿ ಹೋಗುತ್ತದೆ!

ಇನ್ನು ನೀನು ಕೇಳಿದ ವಿಷಯ. ಪೀಪಿಯನ್ನು ನಿನ್ನ ಬಳಿಗೆ ಕಳಿಸಬೇಕು, ಅಲ್ಲಿ ಕಾರ್ಖಾನೆ ಇಲ್ಲ, ಅವಳ ಎದೆಗೆ ಒಳ್ಳೆಯದು ಎಂದಿದ್ದೀಯ. ಮಗಳೇ, ನಾನಿರುವಾಗ ಅವಳಿಗೇನು ಭಯ? ತಾಮ್ರದ ಕುಲುಮೆಯ ಮುಂದೆ ಇಪ್ಪತ್ತಾರು ವರ್ಷ ನಿಂತವನು ನಾನು. ಅದಿರು ಬೆಂದಾಗ ಅದರೊಳಗಿನ ಗಂಧಕ ಹೊಗೆಯಾಗಿ ಚಿಮಣಿ ಹತ್ತುತ್ತದೆ, ಗಾಳಿ ನಮ್ಮ ಬೀದಿಯ ಕಡೆ ತಿರುಗಿದರೆ ಯಾರೋ ಒಟ್ಟಿಗೆ ನೂರು ಬೆಂಕಿಕಡ್ಡಿ ಗೀರಿದ ಹಾಗೆ ನಾತ. ಈ ಬೀದಿಯವರು ಅದಕ್ಕೆ ಕಡ್ಡಿ ಗಾಳಿ ಎಂದು ಹೆಸರಿಟ್ಟಿದ್ದು ಸುಮ್ಮನೆಯೇ? ಎಲ್ಲರ ಮೂಗೂ ಅದಕ್ಕೆ ಪಳಗಿ ಹೋಗಿದೆ. ಒಂದು ಎಳೆ ಬಂದರೂ ಹಿಡಿಯುವ ಮೂಗು ನನ್ನದೊಂದೇ. ಗಾಳಿಯಲ್ಲಿ ಗಂಧಕ ಎಷ್ಟಿದೆ ಎಂದು ಅಂಕಿ ತೋರಿಸುವ ಬೋರ್ಡು ಕಾರ್ಖಾನೆ ಗೇಟಿನಲ್ಲಿತ್ತಲ್ಲ, ಅದು ಆರಿಹೋಗಿ ಎರಡು ವರ್ಷವಾಯಿತು. ಅದರ ಕೆಲಸವೂ ಈಗ ನನ್ನ ತಲೆಗೇ ಬಿದ್ದಿದೆ.

ಬೆಳಿಗ್ಗೆ ಬಾಗಿಲು ತೆಗೆದು ಮೆಟ್ಟಿಲ ಮೇಲೆ ನಿಂತು, ಚಿಮಣಿಯ ಕಡೆ ಮುಖ ಮಾಡಿ ಒಂದು ಸಲ ಉಸಿರೆಳೆಯುತ್ತೇನೆ. ಎದುರುಮನೆ ಟೈಲರ್ ಮಿಷನ್ ನಿಲ್ಲಿಸಿ ಕೂಗುತ್ತಾನೆ, "ಮೂಗಣ್ಣ, ಕಡ್ಡಿ ಇದೆಯಾ?" ಅವನ ಹೆಂಡತಿಗೂ ಪೀಪಿಯ ಹಾಗೇ ಆಸ್ತಮಾ ಅಲ್ಲವೇ. ಇಲ್ಲ ಎಂದರೆ ಅವಳು ಹೊರಗೆ ಬಂದು ಬಟ್ಟೆ ಹರವುತ್ತಾಳೆ. ಇದೆ ಎಂದರೆ ಬೀದಿಯ ಕಿಟಕಿಗಳೆಲ್ಲ ದಡಬಡ ಮುಚ್ಚಿಕೊಳ್ಳುತ್ತವೆ. ಹೆಸರಿಗೆ ಮೂಗಣ್ಣ, ಮಾತಿಗೇನೂ ಬರಗಾಲವಿಲ್ಲ ಎಂದು ನಿಮ್ಮ ಅತ್ತೆ ಹಂಗಿಸುತ್ತಾಳೆ. ಅವಳ ಕೈರುಚಿ ಮಾತ್ರ ಈಚೆಗೆ ಕೆಟ್ಟಿದೆ, ಏನು ಮಾಡಿದರೂ ಸಪ್ಪೆ. ಹೇಳಿದರೆ ಮೂಗಿನ ತುದಿಯಲ್ಲೇ ಕೋಪ.

ಪೀಪಿ ಪೆನ್ನು ಕಿತ್ತುಕೊಳ್ಳುತ್ತಿದ್ದಾಳೆ.

ಇಂತಿ,
ನಿನ್ನ ಅಪ್ಪ

ಅಕ್ಕಾ, ಸ್ಕೂಲಿನ ಓಟಕ್ಕೆ ನನ್ನನ್ನು ತೆಗೆದುಕೊಂಡಿದ್ದಾರೆ. ನಾಲ್ಕು ಜನ ಕೋಲು ಕೊಟ್ಟುಕೊಂಡು ಓಡೋದು. ಕೊನೇದು ನಾನು, ಅಂದ್ರೆ ಗೆಲ್ಲೋದು ನಾನೇ. ಪಂಪು ಜೇಬಲ್ಲೇ ಇರುತ್ತೆ, ಉಸಿರು ಕಟ್ಟಿದ್ರೆ ಬಾಯಿಗೆ ಹೊಡ್ಕೋತೀನಿ, ಬೈಬೇಡ. ಇನ್ನೊಂದು ತಮಾಷೆ. ನಿನ್ನೆ ಅಪ್ಪ ಒಲೆ ಪಕ್ಕದಲ್ಲೇ ಕೂತು ಪೇಪರ್ ಓದ್ತಿದ್ದ, ಹಾಲೆಲ್ಲ ಉಕ್ಕಿ ಪಾತ್ರೆ ಸೀದು ಕಪ್ಪಾಯ್ತು, ಅವನಿಗೆ ಗೊತ್ತೇ ಆಗ್ಲಿಲ್ಲ. ಅತ್ತೆಗೆ ವರ್ಷವೆಲ್ಲ ನೆಗಡಿ, ಆದ್ರೂ ಹಿತ್ತಲಿಂದ ಹೊಗೆ ನೋಡಿ ಓಡಿ ಬಂದ್ರು. ಅಪ್ಪನಿಗೆ ಪೇಪರ್ ಇದ್ರೆ ಲೋಕ ಬೇಡ.
ಪೀಪಿ


ಮಾರ್ಚ್ 15

ಪ್ರೀತಿಯ ಅಪ್ಪನಿಗೆ,

ಹಾಲಿನ ಕಥೆಯನ್ನು ಅಂಗಡಿಯಲ್ಲಿ ಓದಿ ನಕ್ಕು ನಕ್ಕು ಸಾಕಾಯಿತು. ಏನಮ್ಮ ಅಷ್ಟು ನಗು ಎಂದು ಮಾಲೀಕರು ಕೇಳಿದರು, ನಮ್ಮಪ್ಪನ ಪೇಪರ್ ಓದುವ ಚಟ ಎಂದೆ.

ನನ್ನ ಕೆಲಸ ಏನು ಗೊತ್ತಾ? ಬಂದವರನ್ನು ಕುರ್ಚಿಯಲ್ಲಿ ಕೂರಿಸಿ ಗೋಡೆಯ ಮೇಲಿನ ಅಕ್ಷರ ಓದಿಸುವುದು. ದಿನಕ್ಕೊಬ್ಬರಾದರೂ, "ನನ್ನ ಕಣ್ಣು ಸರಿಯಾಗೇ ಇದೆ, ನಿಮ್ಮ ಬೋರ್ಡೇ ಮಾಸಿದೆ" ಎನ್ನುತ್ತಾರೆ. ಮೊನ್ನೆ ಒಬ್ಬ ನಿವೃತ್ತ ಮೇಷ್ಟ್ರು, ಮೊದಲು ಆ ಬೋರ್ಡು ಒರೆಸಿಕೊಂಡು ಬಾ ಎಂದು ನನ್ನನ್ನೇ ಗದರಿದರು. ಕಣ್ಣಿಗೆ ಗಾಜು ಹಾಕಿದ ಮೇಲೆ ಅದೇ ಬೋರ್ಡನ್ನು ಕೊನೆಯ ಸಾಲಿನವರೆಗೂ ಓದಿದರು. ಕಣ್ಣು ಒಂದೇ ದಿನ ಹೋಗುವುದಿಲ್ಲ ಅಪ್ಪ, ಚೂರು ಚೂರೇ ಹೋಗುತ್ತದೆ. ಹೋಗಿದೆ ಎಂದು ಹೋದವರಿಗೇ ಗೊತ್ತಿರುವುದಿಲ್ಲ.

ಈಗ ಅಸಲು ಮಾತು. ಅಂಗಡಿಯ ಮಹಡಿಯಲ್ಲಿ ಎದೆ ಡಾಕ್ಟರ್ ಒಬ್ಬರಿದ್ದಾರೆ. ಅವರಿಗೆ ಪೀಪಿಯ ವಿಷಯ ಹೇಳಿದೆ. ಗಂಧಕದ ಆ ಹೊಗೆ ನಮ್ಮಂಥವರಿಗೆ ಗಂಟಲು ಕೆರೆಯುವಷ್ಟು ಇದ್ದರೂ ಆಸ್ತಮಾ ಇರುವವರ ಶ್ವಾಸನಾಳವನ್ನು ಹಿಂಡಿಬಿಡುತ್ತದಂತೆ. ಗಂಟೆಗಟ್ಟಲೆ ಬೇಡ, ಐದು ಹತ್ತು ನಿಮಿಷ ಸಾಕಂತೆ. ಸುಮ್ಮನೆ ಕೂತಿದ್ದರೆ ಮೂಗು ಅದನ್ನು ಒಂದಿಷ್ಟು ತಡೆದುಕೊಳ್ಳುತ್ತದೆ. ಓಡುವಾಗ ಬಾಯಲ್ಲಿ ಉಸಿರಾಡುತ್ತೇವಲ್ಲ, ಆಗ ತಡೆಯುವವರೇ ಇಲ್ಲ, ನೇರ ಎದೆಗೆ ಇಳಿಯುತ್ತದೆ. ಕೆಲವು ಸಲ ಮೂಗಿಗೆ ತಿಳಿಯದಷ್ಟು ಸ್ವಲ್ಪವೇ ಇದ್ದರೂ ಅಂಥ ಮಕ್ಕಳಿಗೆ ಅದು ಹೆಚ್ಚೇ ಅಂತೆ.

ನಿನ್ನ ಮೂಗಿನ ಮೇಲೆ ನಂಬಿಕೆ ಇಲ್ಲ ಎಂದಲ್ಲ. ಆದರೆ ನಾತ ಬರುವವರೆಗೂ ಯಾಕೆ ಕಾಯಬೇಕು? ನಾನು ಎರಡು ಕೋಣೆಯ ಮನೆ ಹಿಡಿದಿದ್ದೇನೆ. ಒಂದು ಕೋಣೆಯ ಕಿಟಕಿ ಮೈದಾನದ ಕಡೆ ತೆರೆಯುತ್ತದೆ, ಅದು ಅವಳದು. ಓಟ ಬೇಡ. ಅವಳನ್ನು ಈಗಲೇ ಕಳಿಸು ಅಪ್ಪ.

ನಿನ್ನ,
ದೊಡ್ಡವಳು


ಮಾರ್ಚ್ 26

ದೊಡ್ಡ ಮಗಳಿಗೆ,

ಆಶೀರ್ವಾದ. ಡಾಕ್ಟರು ಹೇಳಿದರು ಎಂದು ನೀನು ಕಡ್ಡಿಯನ್ನು ಗುಡ್ಡ ಮಾಡಬೇಡ. ಹಾಗೆಂದು ನಿನ್ನ ಮಾತು ತೆಗೆದುಹಾಕುವುದೂ ಇಲ್ಲ. ಓಟ ಏಪ್ರಿಲ್ ಹನ್ನೊಂದಕ್ಕೆ, ಪರೀಕ್ಷೆ ಮುಗಿಯುವುದು ಹದಿನೆಂಟಕ್ಕೆ. ಇಪ್ಪತ್ತನೇ ತಾರೀಕು ನಾನೇ ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಬರುತ್ತೇನೆ. ಮುಂದಿನ ಶಾಲೆ ನಿನ್ನಲ್ಲೇ. ಆಯಿತೇ?

ಓಟ ಬೇಡ ಎಂದು ಒಂದು ಮಾತು ಆಡಿ ನೋಡಿದೆ. ಅವಳು ಅಳಲಿಲ್ಲ, ಜಗಳ ಮಾಡಲಿಲ್ಲ. "ಎಲ್ಲರೂ ಓಡ್ತಾರೆ, ನಾನು ಯಾವಾಗ್ಲೂ ಚೀಲ ಕಾಯ್ತೀನಿ" ಎಂದಳು ಅಷ್ಟೆ. ನನಗೆ ಆ ಮಾತು ಊಟ ಮಾಡಲು ಬಿಡಲಿಲ್ಲ. ಹಾಗಾಗಿ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ಆ ದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ನಿಂತು ನಾನೇ ನೋಡುತ್ತೇನೆ. ಕಡ್ಡಿ ಗಾಳಿ ಒಂದೇ ಒಂದು ಎಳೆ ಇದ್ದರೂ ಓಟವಿಲ್ಲ. ಇದು ಅಪ್ಪನ ಮಾತು.

ನಿಜ ಹೇಳಲೇ? ನೀನು ಹೋದಾಗ ಮನೆಯ ಅರ್ಧ ಸದ್ದು ಹೋಯಿತು. ಇವಳೂ ಹೊರಟರೆ ನನಗೂ ನಿಮ್ಮ ಅತ್ತೆಗೂ ಉಳಿಯುವುದು ಸಪ್ಪೆ ಅಡುಗೆಯ ಜಗಳ ಒಂದೇ. ಅದಕ್ಕೇ ಒಂದು ತಿಂಗಳು ಮುಂದೆ ಹಾಕುತ್ತಿದ್ದೇನೆಯೋ ಏನೋ. ಬೈಯಬೇಡ.

ಇಂತಿ,
ನಿನ್ನ ಅಪ್ಪ

ಅಕ್ಕಾ, ಬಸ್ಸಿಗೆ ಹಾಕ್ಕೊಳ್ಳೋಕೆ ಅಂತ ಟೈಲರ್ ಮಾಮ ನೀಲಿ ಫ್ರಾಕ್ ಹೊಲ್ದಿದ್ದಾರೆ. ಹಾಕ್ಕೊಂಡು ಮೂರು ದಿನ ಆಯ್ತು. ಅತ್ತೆ ಬಿಚ್ಚು ಅಂತಾರೆ, ನಾನು ಬಿಚ್ಚಲ್ಲ. ಮೈದಾನದ ಕಡೆ ಕಿಟಕಿ ನಂದು ಅಂತ ಬರೆದಿದ್ದೀಯಲ್ಲ, ಆಮೇಲೆ ಮಾತು ತಪ್ಪಬಾರದು.
ಪೀಪಿ


ಮೇ 2

ಅಪ್ಪನವರಿಗೆ,

ತಲುಪಿದ್ದೇನೆ. ಹೇಳದೆ ಹೊರಟು ಬಂದದ್ದಕ್ಕೆ ಕ್ಷಮೆ ಕೇಳುವುದಿಲ್ಲ.

ಇಪ್ಪತ್ತು ದಿನ ನಿಮ್ಮ ಎದುರು ಕೂತಿದ್ದೆ. ಪೀಪಿಗಾಗಿ ಅಳಲು ಬಂದವರಿಗೆಲ್ಲ ನೀವು ಹೇಳುತ್ತಿದ್ದದ್ದು ಒಂದೇ ಮಾತು. "ಬೆಳಿಗ್ಗೆ ಗಾಳಿ ಚೆನ್ನಾಗಿತ್ತು, ನಾನೇ ನೋಡಿದ್ದೆ. ಆಮೇಲೆ ಹೊಗೆ ಬಿಟ್ಟಿರ್ಬೇಕು." ಎಲ್ಲರೂ ತಲೆಯಾಡಿಸಿದರು. ಮೂಗಣ್ಣನ ಮಾತಲ್ಲವೇ.

ಹೊರಡುವ ಹಿಂದಿನ ದಿನ ಆಟದ ಟೀಚರನ್ನು ನೋಡಿ ಬಂದೆ. ಅವರು ನಮ್ಮೂರಿಗೆ ಬಂದು ಆರು ತಿಂಗಳಾಗಿದೆಯಷ್ಟೆ, ಅವರ ಮೂಗು ಇನ್ನೂ ಪಳಗಿಲ್ಲ. ಆ ದಿನ ಮೊದಲ ಗಂಟೆ ಹೊಡೆಯುವಾಗಲೇ ಮೈದಾನದಲ್ಲಿ ಕಡ್ಡಿ ನಾತ ಇತ್ತು, ನನಗೇ ಕಣ್ಣುರಿ ಬಂದಿತ್ತು ಎಂದರು. ಪೀಪಿಯನ್ನು ಕರೆದು, ನೀನು ಓಡುವುದು ಬೇಡ ಎಂದರಂತೆ. ಅದಕ್ಕೆ ಅವಳು ಏನೆಂದಳು ಗೊತ್ತೇ? "ನಮ್ಮಪ್ಪ ನೋಡಿದ್ದಾನೆ ಟೀಚರ್, ಕಡ್ಡಿ ಇಲ್ಲ ಅಂದಿದ್ದಾನೆ." ಹೊಸಬಳಾದ ನನ್ನ ಮೂಗಿಗಿಂತ ಮೂಗಣ್ಣನ ಮಾತು ದೊಡ್ಡದು ಎಂದು ಬಿಟ್ಟುಬಿಟ್ಟೆ ಎಂದು ಆಕೆ ಅತ್ತರು.

ನಿಮಗೆ ವಾಸನೆ ಬಂದಿತ್ತು. ಇಪ್ಪತ್ತಾರು ವರ್ಷದ ಮೂಗಿಗೆ ಬಾರದೆ ಇರಲು ಸಾಧ್ಯವಿಲ್ಲ. ಚೀಲ ಕಾಯುವುದು ತಪ್ಪಲಿ, ಒಂದು ದಿನವಾದರೂ ಓಡಲಿ ಎಂದು ಸುಳ್ಳು ಹೇಳಿದಿರಿ.

ಇನ್ನೊಂದು. ಓಟ ಮುಗಿಸಿ ಮನೆಗೆ ಬಂದು ಮಲಗಿದವಳ ಎದೆ ಎರಡು ಗಂಟೆ ಊದಿತು, ಪಂಪಿಗೂ ಬಗ್ಗಲಿಲ್ಲ, ಆಮೇಲೆ ನಿಂತಿತು ಎಂದಿರಿ. ಪೀಪಿ ನಿಂತಿದೆ, ಕಮ್ಮಿಯಾಗಿದೆ, ಮಲಗಲಿ ಎಂದು ಬಾಗಿಲು ಮುಂದೆ ಮಾಡಿ ಬಂದಿರಿ. ಮಹಡಿಯ ಡಾಕ್ಟರನ್ನು ಕೇಳಿದೆ. ಕಮ್ಮಿಯಾದಾಗ ಮಾತ್ರ ಅಲ್ಲ, ಊದಲು ಎದೆಯಲ್ಲಿ ಗಾಳಿಯೇ ಆಡದಿದ್ದಾಗಲೂ ಸದ್ದು ನಿಲ್ಲುತ್ತದಂತೆ. ಆಗ ಓಡಬೇಕಾದದ್ದು ಆಸ್ಪತ್ರೆಗೆ.

ಅವಳ ಕೋಣೆಯ ಕಿಟಕಿ ನಾನು ತೆಗೆದಿಲ್ಲ. ನಿಮ್ಮ ಕಾಗದ ನನಗೆ ಬೇಡ.

ನಿಮ್ಮ ಮಗಳು


ಜೂನ್ 8

ಮಗಳೇ,

ಬೇಡ ಎಂದಿದ್ದೀಯ, ಆದರೂ ಬರೆಯುತ್ತಿದ್ದೇನೆ. ಎಲ್ಲರೂ ಕ್ಷೇಮ ಎಂದು ಮೊದಲ ಸಾಲು ಬರೆಯುವ ಅಭ್ಯಾಸ ಕೈಗೆ. ಈ ಸಲ ಅಲ್ಲೇ ನಿಂತು ಎರಡು ಕಾಗದ ಹರಿದೆ.

ನೀನು ಹುಟ್ಟಿದಂದಿನಿಂದ ನನ್ನನ್ನು 'ನೀನು' ಎಂದವಳು. ನಿಮ್ಮಮ್ಮ ಇದ್ದಾಗ, ಅಪ್ಪನಿಗೆ ನೀವು ಅನ್ನಬೇಕು ಎಂದು ಎಷ್ಟು ಗದರಿದರೂ ಕೇಳಲಿಲ್ಲ. ಈಗ ಒಂದು ಕಾಗದದಲ್ಲಿ ಹತ್ತು ಸಲ 'ನೀವು' ಎಂದಿದ್ದೀಯ. ಬೇರೆ ಬೈಗುಳ ಏನೂ ಬೇಕಿರಲಿಲ್ಲ.

ಡಾಕ್ಟರು ಹೇಳಿದ ಆ ಎರಡನೆಯ ಮಾತನ್ನು ಒಪ್ಪುತ್ತೇನೆ. ನನಗೆ ಗೊತ್ತಿರಲಿಲ್ಲ. ಸದ್ದು ನಿಂತಾಗ ನನಗೆ ಸಮಾಧಾನವಾಯಿತು. ಆದರೆ ಸುಳ್ಳು ಹೇಳಿಲ್ಲ ಮಗಳೇ. ಮಗಳ ಮೇಲಾಣೆ ಎನ್ನಲು ಮಗಳೇ ಇಲ್ಲ. ಆ ಬೆಳಿಗ್ಗೆ ನಾನು ಮೆಟ್ಟಿಲ ಮೇಲೆ ನಿಂತೆ, ಅವಳು ಒಂದು ಮೆಟ್ಟಿಲು ಕೆಳಗೆ ನನ್ನ ಮುಖವನ್ನೇ ನೋಡುತ್ತ ನಿಂತಳು. ಬೂಟಿನ ಲೇಸು ಕಟ್ಟಿರಲಿಲ್ಲ, ಬೇಡ ಅಂದರೆ ಬಿಚ್ಚುವುದು ತಪ್ಪುತ್ತೆ ಎಂದಳು. ನಾನು ಒಂದಲ್ಲ, ಮೂರು ಸಲ ಉಸಿರೆಳೆದೆ. ಏನೂ ಇರಲಿಲ್ಲ. ತೊಳೆದಿಟ್ಟ ಹಾಗಿತ್ತು ಗಾಳಿ. ಲೇಸು ನಾನೇ ಕಟ್ಟಿದೆ.

ನಿಮ್ಮ ಅತ್ತೆ ಈಗ ಇಲ್ಲಿಲ್ಲ, ತನ್ನ ಮಗನ ಮನೆಗೆ ಹೋದಳು. ನಾನೇ ಕಳಿಸಿದ ಹಾಗೆ. ಪೀಪಿಯ ಆ ನೀಲಿ ಫ್ರಾಕನ್ನು ಒಗೆಯದೆ, ಮಡಿಸದೆ, ಬಿಚ್ಚಿಟ್ಟ ಹಾಗೇ ಟ್ರಂಕಿನಲ್ಲಿ ಇಟ್ಟಿದ್ದೆ. ಮೂರು ದಿನ ಮೈಮೇಲಿಂದ ತೆಗೆಯದ ಬಟ್ಟೆ, ಅವಳದೊಂದು ವಾಸನೆ ಇರಬೇಕಲ್ಲ. ಕಳೆದ ವಾರ ತೆಗೆದು ಮುಖಕ್ಕೆ ಒತ್ತಿಕೊಂಡೆ. ಏನೂ ಇಲ್ಲ. ಬರೀ ಬಟ್ಟೆ. ನಮ್ಮಕ್ಕನಿಗೆ ಮೊದಲಿಂದಲೂ ಒಗೆಯುವ ಹುಚ್ಚು. ಕೇಳಿದರೆ, ಟ್ರಂಕು ಮುಟ್ಟಿಲ್ಲ ಎಂದು ಗೋಳಾಡಿದಳು. ಅರವತ್ತು ದಾಟಿದವಳು ನನ್ನ ಮುಂದೆ ಸುಳ್ಳು ಹೇಳುತ್ತೀಯಲ್ಲ ಎಂದೆ. ಇನ್ನೂ ಏನೇನೋ ಅಂದೆ. ಅವಳು ಸೀರೆಗಳನ್ನು ಚೀಲಕ್ಕೆ ತುಂಬಿಕೊಂಡು ಹೋದಳು. ಉಳಿದಿದ್ದದ್ದು ಅದೊಂದೇ, ಅದನ್ನೂ ಸೋಪಿನಲ್ಲಿ ತಿಕ್ಕಿ ಚರಂಡಿಗೆ ಬಿಟ್ಟಳು. ನಾನು ಅವಳನ್ನು ಕ್ಷಮಿಸುವುದಿಲ್ಲ. ನೀನು ನನ್ನನ್ನು ಕ್ಷಮಿಸದ ಹಾಗೆಯೇ ಎಂದಿಟ್ಟುಕೋ.

ಇಂತಿ,
ಅಪ್ಪ


ಜುಲೈ 6

ಮಗಳೇ,

ಉತ್ತರ ಬರುವುದಿಲ್ಲ ಎಂದು ಗೊತ್ತು. ಪೋಸ್ಟ್‌ಮ್ಯಾನ್ ಮಾತ್ರ ದಿನಾ, ಇಲ್ಲ ಮೂಗಣ್ಣ ಎಂದು ನಾನು ಕೇಳುವ ಮೊದಲೇ ಹೇಳಿ ಹೋಗುತ್ತಾನೆ.

ಕೆಲಸಕ್ಕೆ ಹೋಗುತ್ತಿದ್ದೇನೆ. ಬೆಳಿಗ್ಗೆ ಮೆಟ್ಟಿಲ ಮೇಲೆ ನಿಲ್ಲುವುದನ್ನು ಬಿಟ್ಟುಬಿಡೋಣ ಎಂದುಕೊಂಡಿದ್ದೆ, ಟೈಲರ್ ಬಿಡಲಿಲ್ಲ. ಮೂಗಣ್ಣ, ನೀನು ಹೇಳದಿದ್ರೆ ನನ್ನ ಹೆಂಡತಿಗೆ ಯಾರು ಗತಿ ಎಂದ. ಈಗ ಗಾಳಿ ಸುಮಾರು ದಿನದಿಂದ ಚೆನ್ನಾಗಿಯೇ ಇದೆ. ಇಲ್ಲ ಎನ್ನುತ್ತೇನೆ, ಅವಳು ಹೊರಗೆ ಬಂದು ಕಾಜಾ ಹೊಲಿಯುತ್ತ ಕೂರುತ್ತಾಳೆ. ಆದರೂ ಪಾಪ, ಕೆಮ್ಮು ಬಿಟ್ಟಿಲ್ಲ.

ಅಡುಗೆ ನಾನೇ ಮಾಡಿಕೊಳ್ಳುತ್ತೇನೆ. ಒಂದು ವಿಚಿತ್ರ ಏನೆಂದರೆ ಅದೂ ಸಪ್ಪೆಯೇ. ಒಗ್ಗರಣೆಗೆ ಎಷ್ಟು ಸುರಿದರೂ ಅಷ್ಟೇ. ಇಷ್ಟು ದಿನ ನಿಮ್ಮ ಅತ್ತೆಯ ಕೈಯನ್ನು ಬೈದೆ. ಈ ಮನೆಯ ಪದಾರ್ಥಗಳಲ್ಲೇ ಸತ್ವ ಹೋಗಿರಬೇಕು.

ಅಪ್ಪ


ಜುಲೈ 30

ಅಪ್ಪನವರಿಗೆ,

ನಿಮ್ಮ ಎರಡೂ ಕಾಗದ ಬಂದಿವೆ. ಉತ್ತರ ಬರೆಯುವ ಮನಸ್ಸಿರಲಿಲ್ಲ.

ಇವತ್ತು ಅಂಗಡಿಗೆ ಒಬ್ಬ ಹೆಂಗಸು ಬಂದಿದ್ದರು, ವಯಸ್ಸಾದವರು. ಈಗಿನ ಸೂಜಿಗಳಿಗೆ ಕಣ್ಣೇ ಇಡುವುದಿಲ್ಲ, ದಾರ ಹೇಗೆ ಪೋಣಿಸುವುದು ಎಂದು ಸೂಜಿ ಮಾರುವವರನ್ನೆಲ್ಲ ಶಪಿಸಿದರು. ನಾನು ಎಂದಿನಂತೆ ನಗಬೇಕಿತ್ತು. ನಗು ಬರಲಿಲ್ಲ. ನಿಮ್ಮ ಸಪ್ಪೆ ಒಗ್ಗರಣೆ ನೆನಪಾಯಿತು.

ಶನಿವಾರ ಬರುತ್ತೇನೆ. ಒಂದೇ ದಿನಕ್ಕೆ.

ನಿಮ್ಮ ಮಗಳು


ಆಗಸ್ಟ್ 11

ಅಪ್ಪಾ,

ಈ ಕಾಗದ ಬರೆಯಲು ಒಂದು ವಾರ ಹಿಡಿಯಿತು. ಕೂತುಕೊಂಡು ಓದು.

ಶನಿವಾರ ಮಧ್ಯಾಹ್ನ ನೀನು ಕಿಟಕಿಯ ಬಳಿ ಪೇಪರ್ ಓದುತ್ತ ಕೂತಿದ್ದೆ. ನಾನು ಅಡುಗೆಮನೆಗೆ ಹೋಗಿ ಬೆಂಕಿಕಡ್ಡಿ ಗೀರಿದೆ, ಆರಿಸಿದೆ, ಹೊಗೆ ಏಳುತ್ತಿದ್ದ ಹಾಗೇ ತಂದು ನಿನ್ನ ಕುರ್ಚಿಯ ಹಿಂದೆ ನಿಂತೆ. ನೀನು ಅಲ್ಲಾಡಲಿಲ್ಲ. ಎರಡನೆಯ ಸಲ ನಾಲ್ಕು ಕಡ್ಡಿ ಒಟ್ಟಿಗೆ ಗೀರಿ ತಂದೆ. ನನ್ನ ಕಣ್ಣಲ್ಲಿ ನೀರು ಬಂತು, ಕೆಮ್ಮು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡೆ. ನೀನು ಪುಟ ತಿರುಗಿಸಿ, "ಊಟಕ್ಕೆ ಏನ್ ಮಾಡೋಣ?" ಎಂದು ಕೇಳಿದೆ. ಹೊಗೆಯ ನಡುವೆ ಕೂತು ಕೇಳಿದೆ ಅಪ್ಪಾ.

ಭಾನುವಾರ ಬೆಳಿಗ್ಗೆ ನಿನ್ನ ಜೊತೆ ನಾನೂ ಮೆಟ್ಟಿಲ ಮೇಲೆ ನಿಂತೆ. ಬಾಗಿಲು ತೆಗೆದ ಕೂಡಲೇ ನನಗೆ ಗಂಟಲು ಉರಿಯಿತು. ಟೈಲರ್ ಕೇಳಿದರು, ನೀನು ಉಸಿರೆಳೆದು ಇಲ್ಲ ಎಂದೆ. ನಾನು ರಸ್ತೆ ದಾಟಿ ಓಡಿ ಅವರ ಹೆಂಡತಿಯನ್ನು ಒಳಗೆ ತಳ್ಳಿ ಬಾಗಿಲು ಹಾಕಿದ್ದು ಅದಕ್ಕೇ. ದೊಡ್ಡವರ ಜೊತೆ ಹೀಗಾ ನಡೆದುಕೊಳ್ಳುವುದು ಎಂದು ನೀನು ಬೈದೆ. ಆಗಲೇ ಹೇಳಬೇಕಿತ್ತು. ನಿನ್ನ ಮುಖ ನೋಡಿದೆ. ಬಸ್ಸು ಹತ್ತಿ ಬಂದುಬಿಟ್ಟೆ.

ಈಗ ಕಡ್ಡಿ ಮುರಿದ ಹಾಗೆ ಹೇಳುತ್ತೇನೆ. ನಿನಗೆ ವಾಸನೆ ತಿಳಿಯುವುದಿಲ್ಲ ಅಪ್ಪಾ. ಯಾವ ವಾಸನೆಯೂ. ಅಷ್ಟು ವರ್ಷ ಅಂಥ ಹೊಗೆ ಕುಡಿದವರಿಗೆ ಹೀಗಾಗುವುದುಂಟು ಎಂದು ಮಹಡಿಯ ಡಾಕ್ಟರ್ ಹೇಳಿದರು. ಕಣ್ಣಿನ ಹಾಗೇ, ಚೂರು ಚೂರಾಗಿ ಹೋಗಿರುತ್ತದೆ. ಚಿಮಣಿಯ ಹೊಗೆ ಯಾವ ಕಡೆ ವಾಲಿದೆ ಎಂದು ಕಣ್ಣಲ್ಲಿ ನೋಡಿ, ಅದನ್ನೇ ಮೂಗು ಎಂದುಕೊಂಡಿದ್ದೆ ನೀನು. ಗಂಧಕ ಇದ್ದರೂ ಹೊಗೆ ಕಾಣದ ದಿನಗಳಲ್ಲಿ ನಿನಗೆ ಗಾಳಿ ಯಾವಾಗಲೂ ಚೆನ್ನಾಗಿಯೇ ಇರುತ್ತಿತ್ತು.

ನೀನು ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದಿರಿ ಎಂದು ಬರೆದ ನನ್ನ ಕೈ ಸೇದಿಹೋಗಲಿ.

ನನ್ನದೂ ಒಂದಿದೆ. ಹಾಲು ಸೀದದ್ದು ಅಪ್ಪನಿಗೆ ಗೊತ್ತೇ ಆಗಲಿಲ್ಲ ಎಂದು ಪೀಪಿ ಬರೆದಿದ್ದಳು. ದಿನವಿಡೀ ಕುರುಡರನ್ನು ಹುಡುಕುವುದೇ ನನ್ನ ಕೆಲಸ, ನಾನು ಅದನ್ನು ಓದಿ ನಕ್ಕೆ. ಮಾರ್ಚ್ ತಿಂಗಳಲ್ಲೇ ಅವಳು ನನಗೆ ಹೇಳಿದ್ದಳು ಅಪ್ಪಾ. ಹೇಳಿದ್ದು ಅವಳಿಗೆ ಗೊತ್ತಿರಲಿಲ್ಲ, ಕೇಳಿಸಿಕೊಂಡದ್ದು ನನಗೆ ಗೊತ್ತಿರಲಿಲ್ಲ.

ಇದನ್ನು ನಿನಗೆ ಹೇಳದೆ ಇರಬಹುದಿತ್ತು. ಆಮೇಲೆ ಹೊಗೆ ಬಿಟ್ಟಿರ್ಬೇಕು ಎಂಬ ಮಾತನ್ನು ಹಿಡಿದುಕೊಂಡು ನೀನು ಬದುಕುತ್ತಿದ್ದೀಯ, ಅದನ್ನು ನಾನು ಕಿತ್ತುಕೊಳ್ಳುತ್ತಿದ್ದೇನೆ. ಆದರೆ ನಾಳೆ ಬೆಳಿಗ್ಗೆ ಟೈಲರ್ ಮತ್ತೆ ಕೇಳುತ್ತಾರೆ, ಅವರ ಹೆಂಡತಿ ನಿನ್ನ ಮುಖ ನೋಡುತ್ತ ಬಾಗಿಲಲ್ಲಿ ನಿಂತಿರುತ್ತಾರೆ. ಏನು ಹೇಳಬೇಕು ಎಂದು ನಿನಗೆ ನಾನು ಹೇಳಿಕೊಡಬೇಕಿಲ್ಲ.

ನಿನ್ನ,
ದೊಡ್ಡವಳು


ಆಗಸ್ಟ್ 27

ನನ್ನ ದೊಡ್ಡ ಮಗಳಿಗೆ,

ನಿನ್ನ ಕಾಗದ ಓದಿದವನು ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಮನೆಯೆಲ್ಲ ಸುತ್ತಿದೆ. ಈರುಳ್ಳಿ ಒಡೆದು ಮೂಗಿಗೆ ಹಿಡಿದೆ, ಕಣ್ಣಲ್ಲಿ ನೀರು ಬಂತು, ವಾಸನೆ ಬರಲಿಲ್ಲ. ಸೋಪು, ಸೀಮೆಎಣ್ಣೆ, ಬಚ್ಚಲ ಫಿನಾಯಿಲು. ಕೊನೆಗೆ ಒಂದು ಇಡೀ ಪೆಟ್ಟಿಗೆ ಬೆಂಕಿಕಡ್ಡಿಯನ್ನು ಒಂದೊಂದಾಗಿ ಗೀರಿದೆ. ನೀನು ಹೇಳಿದ್ದು ನಿಜ. ಮೊದಲು ನಿನ್ನ ಮೇಲೆ ಕೋಪ ಬಂತು. ಆಮೇಲೆ ನೀನು ಮತ್ತೆ 'ನೀನು' ಎಂದಿದ್ದೀಯ ಎಂಬುದು ಕಣ್ಣಿಗೆ ಬಿತ್ತು. ಅಲ್ಲೇ ಕೂತು ಅತ್ತುಬಿಟ್ಟೆ. ಮಗು ಹೋದ ದಿನವೂ ಹಾಗೆ ಅತ್ತಿರಲಿಲ್ಲ.

ಮರುದಿನ ಬಾಗಿಲು ತೆಗೆದೆ. ಟೈಲರ್ ಮಿಷನ್ ನಿಲ್ಲಿಸಿದ. ಅವನ ಹೆಂಡತಿ ಬುಟ್ಟಿ ಹಿಡಿದು ನಿಂತಿದ್ದಳು. "ಮೂಗಣ್ಣ, ಕಡ್ಡಿ ಇದೆಯಾ?"

"ನನ್ನನ್ನ ಕೇಳ್ಬೇಡಿ" ಎಂದೆ. "ನನ್ನ ಮೂಗು ಸತ್ತಿದೆ. ನನ್ನ ಮಗಳಿಗಿಂತ ಮೊದ್ಲೇ ಸತ್ತಿತ್ತು, ನನಗೆ ಗೊತ್ತಿರ್ಲಿಲ್ಲ."

ಆ ಹೆಣ್ಣುಮಗಳು ಬುಟ್ಟಿಯನ್ನು ಒಳಗಿಟ್ಟು ಕಿಟಕಿ ಮುಚ್ಚಿದಳು. ಸಂಜೆ ಬಂದು, ನೀನು ಬೇಕೂಂತ ಮಾಡಿದ್ದಲ್ಲವಲ್ಲ ಅಣ್ಣ ಎಂದಳು. ಎಷ್ಟು ದಿನ ಅವಳನ್ನು ನಾನು ಹೊರಗೆ ಕೂರಿಸಿ ಕೆಮ್ಮಿಸಿದ್ದೇನೋ. ಅವಳು ಹಾಗೆನ್ನುವ ಬದಲು ಎರಡು ಬಿಟ್ಟಿದ್ದರೆ ಚೆನ್ನಾಗಿತ್ತು. ಮೂಗಿಗೆ ತಿಳಿಯದಷ್ಟಿದ್ದರೂ ಅಂಥ ಮಕ್ಕಳಿಗೆ ಹೆಚ್ಚೇ ಎಂದು ಡಾಕ್ಟರು ಹೇಳಿದ್ದನ್ನು ನೀನು ಬರೆದಿದ್ದೆಯಲ್ಲ. ಅಂದರೆ ಮೂಗು ಬದುಕಿದ್ದರೂ ಹೀಗೇ ಆಗುತ್ತಿತ್ತೋ ಏನೋ. ಆ ಮಾತನ್ನು ಹಿಡಿದುಕೊಂಡು ನಾಲ್ಕು ದಿನ ನೋಡಿದೆ. ಆಟದ ಟೀಚರ ಮೂಗಿಗೆ ತಿಳಿದಿತ್ತಲ್ಲ. ಬಿಟ್ಟುಬಿಟ್ಟೆ.

ಬೀದಿಯವರು ಈಗ ನನ್ನನ್ನು ಮೂಗಣ್ಣ ಎನ್ನುವುದಿಲ್ಲ. ಏನೆಂದು ಕರೆಯಬೇಕೋ ತಿಳಿಯದೆ ಸುಮ್ಮನೆ ಹೋಗುತ್ತಾರೆ. ನಾನೂ ಮಾತು ಕಮ್ಮಿ ಮಾಡಿದ್ದೇನೆ. ಮೂಗು ಹೋಯಿತು, ಉಳಿದವನು ಮೂಗ. ಪಾಳಿ ಮುಗಿದ ಮೇಲೆ ನಾನೂ ಟೈಲರನೂ ಗೇಟಿನ ಬಳಿ ಆರಿಹೋದ ಬೋರ್ಡಿನ ಕೆಳಗೆ ಒಂದು ಗಂಟೆ ನಿಲ್ಲುತ್ತೇವೆ. ಈಗ ಹನ್ನೊಂದು ಜನ ಆಗಿದ್ದಾರೆ, ಆಟದ ಟೀಚರೂ ಬರುತ್ತಾರೆ. ಮ್ಯಾನೇಜರ್ ಎರಡು ಸಲ ಹೊರಗೆ ಬಂದು ನೋಡಿ ಹೋದರು. ಬೋರ್ಡು ಉರಿಯುವವರೆಗೆ ನಿಲ್ಲುತ್ತೇವೆ. ಉರಿದರೆ ಪೀಪಿ ಬರುತ್ತಾಳೆಯೇ ಎಂದು ಕೇಳಬೇಡ.

ಮೊನ್ನೆ ರಜೆ ಹಾಕಿ ನಿಮ್ಮ ಅತ್ತೆಯ ಮಗನ ಮನೆಗೆ ಹೋದೆ. ಅವಳು ಬಾಗಿಲಲ್ಲೇ ನನ್ನನ್ನು ನೋಡಿ ಮುಖ ತಿರುಗಿಸಿದಳು. ಕಾಲು ಹಿಡಿದೆ. ಅಕ್ಕಾ, ನೀನು ಫ್ರಾಕ್ ಒಗೆದಿರಲಿಲ್ಲ ಎಂದೆ. ಅವಳಿಗೆ ಮೊದಲು ಅರ್ಥವಾಗಲಿಲ್ಲ, ಅರ್ಥವಾದ ಮೇಲೆ ನನ್ನ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಈಗ ಇಲ್ಲೇ ಇದ್ದಾಳೆ. ಅಡುಗೆ ಸಪ್ಪೆ ಎಂದು ನಾನು ಹೇಳುವುದಿಲ್ಲ.

ಇಬ್ಬರೂ ಟ್ರಂಕು ತೆಗೆದು ಫ್ರಾಕನ್ನು ಮಂಚದ ಮೇಲೆ ಇಟ್ಟುಕೊಂಡು ಕೂತೆವು. ಅವಳಿಗೆ ವರ್ಷವೆಲ್ಲ ನೆಗಡಿ, ನನಗೆ ಹೀಗೆ. ಈ ಮನೆಯಲ್ಲಿ ಅದನ್ನು ತಿಳಿಯಬಲ್ಲ ಮೂಗು ಒಂದೂ ಇಲ್ಲ. ಟೈಲರ ಹೆಂಡತಿಯನ್ನು ಕೇಳಬಹುದು, ಕೇಳಲು ಮನಸ್ಸಾಗಲಿಲ್ಲ. ಅವಳಿಗೆ ಪೀಪಿಯ ವಾಸನೆ ಏನು ಗೊತ್ತು? ಫ್ರಾಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಗಾಳಿ ಹೋಗದ ಹಾಗೆ ಬಾಯಿ ಕಟ್ಟಿ ಮತ್ತೆ ಒಳಗಿಟ್ಟಿದ್ದೇನೆ. ಯಾರೂ ತೆಗೆಯುವುದಿಲ್ಲ.

ನೀನು ಬಾ. ಅವಳು ಹುಟ್ಟಿದ ದಿನದಿಂದ ಅವಳನ್ನು ಎತ್ತಿ ಆಡಿಸಿದವಳು ನೀನು, ನಿನಗೆ ಗೊತ್ತಾಗುತ್ತದೆ. ಚೀಲ ಬಿಚ್ಚಿ ನೀನು ಒಳಗೆ ನೋಡು. ನಾನು ಮೆಟ್ಟಿಲ ಮೇಲೆ ಕೂತಿರುತ್ತೇನೆ. ಅಲ್ಲಿಂದಲೇ ಕೂಗಿ, ಇದೆಯಾ ಎಂದು ಕೇಳುತ್ತೇನೆ. ಇದ್ದರೆ ಇದೆ ಅನ್ನು, ಇಲ್ಲದಿದ್ದರೆ ಇಲ್ಲ ಅನ್ನು. ನೀನು ಏನು ಹೇಳಿದರೂ ನಾನು ನಂಬುತ್ತೇನೆ, ಅವಳು ನನ್ನನ್ನು ನಂಬಿದ ಹಾಗೆ.

ಇಂತಿ,
ನಿನ್ನ ಅಪ್ಪ